ಗೌರಿ ಹೂವಿನ ಬೇಸಾಯ: ನಂಬಿಕೆ ಮತ್ತು ಎಚ್ಚರಿಕೆ



ಮಳೆಗಾಲದಲ್ಲಿ ಬೆಟ್ಟದ ಪೊದೆಗಳ ಮೇಲೆ ಉರಿಯಂತೆ ಅರಳುವ ಗೌರಿ ಹೂವನ್ನು ನಾವೆಲ್ಲ ಬಲ್ಲೆವು. ಅಗ್ನಿಶಿಖೆ, ಕೋಳಿಕುಟುಮ ಅಂತಲೂ ಅಂತಾರೆ. ಗೆಡ್ಡೆ ಮನೇಲಿದ್ದರೆ ಹಾವು ಸುಳಿಯದು, ಅರೆದು ಹೊಕ್ಕುಳಿಗೆ ಹಚ್ಚಿದರೆ ಹೆರಿಗೆ ಸಲೀಸು ಎಂಬುದು ಹಿರಿಯರ ನಂಬಿಕೆ.

ತಮಿಳುನಾಡಿನ ರೈತರು ಇದನ್ನು ಬೀಜಕ್ಕಾಗಿ ಬೆಳೆಯುತ್ತಾರೆ. ನೇಗಿಲಾಕಾರದ ಗೆಡ್ಡೆಯನ್ನು, ಮೊಳಕೆಯ ತುದಿ ಮುರಿಯದ ಹಾಗೆ, ನೀರು ನಿಲ್ಲದ ಮಣ್ಣಲ್ಲಿ ಊರಿ ಬಳ್ಳಿಗೆ ಆಸರೆ ಕೊಡಬೇಕು. ಬೀಜದಲ್ಲಿರುವ ಕಾಲ್ಚಿಸಿನ್ ಗೌಟ್ ಕಾಯಿಲೆಯ ಔಷಧಕ್ಕೆ ಹೋಗುತ್ತೆ.

ಆದರೆ ಅದೇ ಕಾಲ್ಚಿಸಿನ್ ಘೋರ ವಿಷ, ಬೇಯಿಸಿದರೂ ಹೋಗದು. ಗೆಣಸೆಂದು ಗೆಡ್ಡೆ ತಿಂದು ಸತ್ತವರುಂಟು. ಹೂವು ಗೌರಮ್ಮನಿಗಿರಲಿ, ಗೆಡ್ಡೆ ಮಕ್ಕಳ ಕೈಗೆ ಸಿಗದಿರಲಿ, ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಬೀಜ ಕೊಳ್ಳುವವರನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ನಾಟಿಗೆ ಕೈಹಾಕೋಣ.