ಕಂತು ತಪ್ಪಿದಾಗ



ಬಡ್ಡಿ ಮುಟ್ಟಬಾರದೆಂದು ನಿಯಮ ಮಾಡಿಕೊಂಡ ಸಂಘವೊಂದು ಕಂತು ತಪ್ಪಿದವರಿಂದ ಹಣ ವಸೂಲು ಮಾಡುವುದು ಹೇಗೆ? ಇಂಡೊನೇಷ್ಯಾದ ಇಸ್ಲಾಮಿಕ್ ಸಹಕಾರ ಸಂಘಗಳಿಗೆ ಇದು ದಿನನಿತ್ಯದ ಪ್ರಶ್ನೆ. ಬೈತುಲ್ ಮಾಲ್ ವತ್ ತಮ್‌ವೀಲ್, ಚಿಕ್ಕದಾಗಿ ಬಿಎಂಟಿ ಎಂಬ ಈ ಸಂಘಗಳು ಒಂದು ಕಡೆ ಸದಸ್ಯರ ಉಳಿತಾಯದಿಂದ ವ್ಯವಹಾರ ನಡೆಸುತ್ತವೆ, ಇನ್ನೊಂದು ಕಡೆ ಝಕಾತ್ ಎಂಬ ಕಡ್ಡಾಯ ದಾನದ ಮತ್ತು ಇತರ ದಾನದ ಹಣ ಸಂಗ್ರಹಿಸಿ ಬಡವರಿಗೆ ಹಂಚುತ್ತವೆ.

ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮುರಾಬಹ ಒಪ್ಪಂದ. ದರ್ಜಿಯೊಬ್ಬಳಿಗೆ ಅಲ್ಲಿನ ನಾಣ್ಯದಲ್ಲಿ 50 ಲಕ್ಷ ರುಪಿಯಾದ ಹೊಲಿಗೆ ಯಂತ್ರ ಬೇಕು ಎನ್ನೋಣ. ಸಂಘ ಅದನ್ನು ಕೊಂಡು, ತನ್ನ ಲಾಭವೆಷ್ಟೆಂದು ಮೊದಲೇ ತಿಳಿಸಿ, 60 ಲಕ್ಷಕ್ಕೆ ಮಾರುತ್ತದೆ. ತಿಂಗಳಿಗೆ 5 ಲಕ್ಷದಂತೆ 12 ಕಂತು. ಒಮ್ಮೆ ನಿಗದಿಯಾದ ಬೆಲೆ ಮತ್ತೆ ಏರುವಂತಿಲ್ಲ.

ಐದು ಕಂತು ಕಟ್ಟಿದ ಮೇಲೆ ಆಕೆ ಕಾಯಿಲೆ ಬಿದ್ದಳು. ಬಾಕಿ 35 ಲಕ್ಷ. ಕಂತು ವಸೂಲಿಗೆ ಅಂಗಡಿ ಬಾಗಿಲಿಗೇ ಬರುವ ಸಿಬ್ಬಂದಿ ಮೊದಲು ನೋಡಬೇಕಾದದ್ದು ಒಂದೇ: ಈಕೆಗೆ ಕೊಡಲಾಗುತ್ತಿಲ್ಲವೋ, ಕೊಡುವ ಮನಸ್ಸಿಲ್ಲವೋ? ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಅವಧಿ ಕೊಡಬೇಕೆಂಬುದು ಕುರ್‌ಆನಿನ ಎರಡನೆಯ ಅಧ್ಯಾಯದ ಆದೇಶ. ಅದರಂತೆ, ಏಳು ತಿಂಗಳಲ್ಲಿ ತೀರಬೇಕಿದ್ದ ಬಾಕಿಯನ್ನು ತಿಂಗಳಿಗೆ ಎರಡೂವರೆ ಲಕ್ಷದಂತೆ 14 ತಿಂಗಳಿಗೆ ಹಂಚಬಹುದು. ಆದರೆ 35 ಲಕ್ಷ 36 ಆಗಕೂಡದು. ಕಾಗದಪತ್ರದ ನಿಜವಾದ ಖರ್ಚನ್ನಷ್ಟೇ ಕೇಳಬಹುದು ಎಂದು ಅಲ್ಲಿನ ರಾಷ್ಟ್ರೀಯ ಶರೀಅತ್ ಮಂಡಳಿ 2005ರಲ್ಲಿ ಫತ್ವಾ ಕೊಟ್ಟಿದೆ.

ಆ ಕಂತನ್ನೂ ಕಟ್ಟಲಾಗದಿದ್ದರೆ, ಅಡಮಾನವಾಗಿ ಇಟ್ಟ ವಸ್ತುವನ್ನು ಮಾರುಕಟ್ಟೆ ಬೆಲೆಗೆ ಮಾರುತ್ತಾರೆ. ಬಾಕಿ ಕಳೆದು ಉಳಿದದ್ದು ಸಾಲಗಾರರಿಗೆ ವಾಪಸು. ಮಾರಿ ಬಂದ ಹಣ ಸಾಕಾಗದಿದ್ದರೆ ಕೊರತೆ ಸಾಲವಾಗಿಯೇ ಉಳಿಯುತ್ತದೆ. ತೀರಿಸಲು ಸಾಧ್ಯವೇ ಇಲ್ಲದವರದನ್ನು ಸಂಘ ಮನ್ನಾ ಮಾಡಬಹುದು. ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಸೇರಿರುವುದರಿಂದ, ಆ ನಿಧಿಯಿಂದಲೂ ನೆರವಿಗೆ ದಾರಿಯಿದೆ.

ಕೈಯಲ್ಲಿ ಹಣವಿಟ್ಟುಕೊಂಡು ಸತಾಯಿಸುವವರ ಲೆಕ್ಕ ಬೇರೆ. ಅದೇ ಮಂಡಳಿಯ 2000ದ ಫತ್ವಾದ ಪ್ರಕಾರ ಅವರಿಗೆ ದಂಡ ಹಾಕಬಹುದು. ಆದರೆ ಆ ಹಣ ಸಂಘದ ಲಾಭಕ್ಕೆ ಸೇರದೆ ಸಮಾಜ ಕಲ್ಯಾಣದ ನಿಧಿಗೆ ಹೋಗಬೇಕು. ಮಾತುಕತೆ ಮುರಿದರೆ ಧಾರ್ಮಿಕ ನ್ಯಾಯಾಲಯವಿದೆ. ಶರೀಅತ್ ಆರ್ಥಿಕ ವ್ಯಾಜ್ಯಗಳನ್ನು 2006ರ ಕಾನೂನು ಅದರ ವ್ಯಾಪ್ತಿಗೆ ತಂದಿದೆ.

ಈ ವ್ಯವಸ್ಥೆಯ ಬಿಗಿ ಎಲ್ಲಿದೆ ಗೊತ್ತೇ? ಕಂತು ತಡವಾದಷ್ಟೂ ಸಂಘಕ್ಕೆ ನಷ್ಟವೇ, ಮತ್ತು ಅದು ಉಳಿದ ಸದಸ್ಯರ ಉಳಿತಾಯದ ಹಣ. ಚಕ್ರಬಡ್ಡಿಯ ಆಸರೆ ಇಲ್ಲದ ಮೇಲೆ, ಸಾಲ ಕೊಡುವ ಮುಂಚೆಯೇ ಆಳನ್ನೂ ವ್ಯಾಪಾರವನ್ನೂ ಅಳೆದು ನೋಡಬೇಕು. ಕೊಟ್ಟ ಮೇಲೆ ಆ ದರ್ಜಿಯ ಅಂಗಡಿ ಬೇಗ ಬಾಗಿಲು ತೆರೆಯಲಿ ಎಂದು ಅವಳಷ್ಟೇ ಸಂಘವೂ ಬಯಸಬೇಕು.