ಓದುಗರ ಬಳಗ

ಓದು ಏಕಾಂತದ ಕೆಲಸವೆಂಬುದು ವಾಡಿಕೆಯ ಮಾತು. ಆದರೆ ಓದಿದ್ದನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳದೆ ಓದು ಪೂರ್ಣವಾಗುವುದಿಲ್ಲ.

ನಮ್ಮ ಹನುಮಸಾಗರದ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಕನ್ನಡ ಪುಸ್ತಕ ದೊರೆಯುವುದು ಅಪರೂಪವಾಗಿದ್ದಾಗ, ಅದನ್ನು ಕುರಿತು ಮಾತಾಡುವ ಜೊತೆಗಾರ ದೊರೆಯುವುದು ಇನ್ನೂ ಅಪರೂಪ.

ನೆರೆಯ ಧಾರವಾಡ ಸೀಮೆಯಲ್ಲಿ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. 1933ರಲ್ಲಿ ಆರಂಭವಾದ ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ನಿಂತಿತು. ಚಂದಾ ಕೊಟ್ಟವನು, ಇನ್ನೂ ಕಾಣದ ಪುಸ್ತಕವನ್ನು ನಂಬಿದವನು. ಪರಸ್ಪರ ಮುಖ ಕಾಣದ ಆ ಜನ ಒಂದೇ ಪುಸ್ತಕ ಓದುತ್ತಿದ್ದರು. ಅದೂ ಒಂದು ಊರೇ. ಅದಕ್ಕೆ ಅಗಸಿ ಮಾತ್ರ ಇರಲಿಲ್ಲ.

ನಿವೃತ್ತನಾದ ಬಳಿಕ ತರಗತಿಯ ಸಂವಾದ ನನಗೆ ತಪ್ಪಿತು. ಅಂದಿನಿಂದ ಓದಿದ ಪ್ರತಿ ಪುಸ್ತಕದ ಬಗೆಗೂ ಒಂದು ಪುಟ ಬರೆದು ನಾಲ್ಕಾರು ಜನರಿಗೆ ಕಳಿಸುತ್ತೇನೆ. ಅವರು ಇನ್ನಾರಿಗೋ ತೋರಿಸುತ್ತಾರೆ. ಒಮ್ಮೆ ಕುಷ್ಟಗಿ ಕಡೆಯ ಅಪರಿಚಿತ ಶಿಕ್ಷಕಿಯೊಬ್ಬರು, ಕಾದಂಬರಿಯೊಂದರ ತಾಯಿಯ ಪಾತ್ರವನ್ನು ನಾನು ಬಹಳ ಕಠಿಣವಾಗಿ ಕಂಡಿದ್ದೇನೆಂದು ಬರೆದರು. ನಾನು ಒಪ್ಪದೆ ಮರಳಿ ಬರೆದೆ, ಅವರೂ ಬರೆದರು. ಮೂರು ವರ್ಷವಾಯಿತು, ಆ ವಾದ ಮುಗಿದಿಲ್ಲ. ಮುಗಿಯದಿರಲೆಂದೇ ನನ್ನ ಆಸೆ.

ಮೆಚ್ಚುಗೆಯ ಮಾತು ಅಭಿಮಾನಿಗಳನ್ನು ಕೂಡಿಸೀತು. ಬಳಗವನ್ನು ಕಟ್ಟುವುದು ಪ್ರೀತಿಯಿಂದ ಹೇಳಿದ ಭಿನ್ನಾಭಿಪ್ರಾಯ. ನನ್ನ ಮಾತನ್ನು ಒಪ್ಪದೆಯೂ ಕೊನೆಯ ಸಾಲಿನವರೆಗೆ ಓದಿದವರು ನನ್ನವರೇ. ಕೇಳುಗರೇ, ನೀವು ಈಚೆಗೆ ಓದಿದ ಪುಸ್ತಕದ ಬಗೆಗೆ ಒಬ್ಬರಿಗಾದರೂ ನಾಲ್ಕು ಸಾಲು ಬರೆಯಿರಿ. ಉತ್ತರ ಬಂದೀತು.