ತರಗೆಲೆಯ ದಾಸೋಹ
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಇಂತಹ ಸಭೆಯಲ್ಲಿ ಷಟ್‌ಸ್ಥಲವನ್ನೋ ಅಷ್ಟಾವರಣವನ್ನೋ ಕುರಿತು ಬಿನ್ನವಿಸಬೇಕಾದ ನಾನು, ಮರದಿಂದುದುರಿದ ತರಗೆಲೆಯನ್ನು ವಿಷಯವಾಗಿ ಆರಿಸಿಕೊಂಡುದು ಕೆಲವರಿಗೆ ಆಶ್ಚರ್ಯವಾಗಬಹುದು. ಕಾರಣವನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಈ ವಿಷಯದಲ್ಲಿ ಅನೇಕ ವರ್ಷಗಳ ಕಾಲ ತಪ್ಪು ಮಾಡಿದವನು ನಾನು. ಮಾಘ ಫಾಲ್ಗುಣಗಳಲ್ಲಿ ಅಂಗಳದ ಹೊಂಗೆಯ ಎಲೆಗಳನ್ನು ವಟುಗಳಿಂದ ಗುಡಿಸಿ ರಾಶಿ ಹಾಕಿಸಿ ಬೆಂಕಿ ಕೊಡಿಸುತ್ತಿದ್ದೆನು. ಅಂಗಳವು ಶುದ್ಧವಾಯಿತೆಂದು ತೃಪ್ತಿಪಡುತ್ತಿದ್ದೆನು. ಒಂದು ಮುಂಜಾನೆ ಬೀದಿ ಗುಡಿಸುವ ತಾಯಿಯೊಬ್ಬರು ಆ ಹೊಗೆಗೆ ಉಸಿರು ಕಟ್ಟಿ ನಮ್ಮ ಜಗಲಿಯ ಮೇಲೆ ಕುಸಿದು ಕುಳಿತರು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ, "ಅಯ್ಯನೋರೆ, ಬೀದಿ ಎಲೆ ನಾವು ಸುಟ್ಟರೆ ದಂಡ ಅಂತಾರೆ. ಮಠದ ಎಲೆಗೆ ದಂಡ ಇಲ್ಲವಾ?" ಎಂದು ಕೇಳಿದರು. ಶಾಸ್ತ್ರವನ್ನೋದಿದ ನನ್ನಲ್ಲಿ ಆ ಮಾತಿಗೆ ಉತ್ತರವಿರಲಿಲ್ಲ.

ಅವರು ಹೇಳಿದುದು ನಿಜ. 2016ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ, ಬೀದಿ ಗುಡಿಸುವವರು ಎಲೆಯನ್ನು ಸುಡದೆ ಪ್ರತ್ಯೇಕವಾಗಿ ಕೂಡಿಡತಕ್ಕದ್ದೆಂದು ವಿಧಿಸಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ ದಂಡವೆಂದು ಆಜ್ಞೆ ಮಾಡಿತು. ಎಲೆಯ ಹೊಗೆಯಲ್ಲಿರುವ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ಉಬ್ಬಸದವರನ್ನೂ ಮಕ್ಕಳನ್ನೂ ವೃದ್ಧರನ್ನೂ ಪೀಡಿಸುತ್ತವೆ. ದಂಡವಿಲ್ಲದಿದ್ದರೂ ಇದು ಹಿಂಸೆಯೇ ಸರಿ.

ಸುಡದಿದ್ದರೆ ಗಾಡಿಗೆ ತುಂಬಿಸಿ ಕಳುಹಿಸಬಹುದಲ್ಲವೇ ಎಂದು ಕೆಲವರು ಕೇಳುವರು. ಕಳುಹಿಸುವುದು ಎಲ್ಲಿಗೆ? ಈ ನಗರದ ಕಸವು ಮಾವಳ್ಳಿಪುರದಲ್ಲಿ ಬೆಟ್ಟವಾಯಿತು. 2012ರಲ್ಲಿ ಅಲ್ಲಿ ನಿಂತಿತು. ಬಳಿಕ ಮಂಡೂರಿನ ಜನರು ಆ ದುರ್ಗಂಧವನ್ನು ಸಹಿಸಲಾರದೆ ರಸ್ತೆಗಿಳಿದರು. 2014ರ ಕೊನೆಗೆ ಅಲ್ಲಿಯೂ ನಿಲ್ಲಿಸಬೇಕಾಯಿತು. ನಮ್ಮ ಅಂಗಳವು ಶುದ್ಧವಾಗಬೇಕೆಂದು ಅನ್ಯರ ಊರನ್ನು ಅಶುದ್ಧಗೊಳಿಸುವುದು ಶೌಚವೆನಿಸದು.

ಮಹಾಶಯರೇ, ಇದಕ್ಕೆ ಉಪಾಯವು ಪರದೇಶದಿಂದ ಬರಬೇಕಾದುದಿಲ್ಲ. 1939ರಲ್ಲಿ ಇದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರೆಂಬ ವಿದ್ವಾಂಸರು ಊರಿನ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರಪದರವಾಗಿ ಹಾಕಿ, ಮಣ್ಣು ಮುಚ್ಚಿ, ಕೆಲವು ತಿಂಗಳುಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ನಿರ್ಣಯಿಸಿದರು. ಇಂದಿಗೂ ಕೃಷಿಗ್ರಂಥಗಳಲ್ಲಿ ಅದಕ್ಕೆ 'ಬೆಂಗಳೂರು ಪದ್ಧತಿ' ಎಂದೇ ಹೆಸರು. ನಗರದ ಕಸವನ್ನು ಗೊಬ್ಬರ ಮಾಡುವುದಕ್ಕೆಂದೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು ಸ್ಥಾಪಿತವಾಯಿತು. ಎಚ್.ಎಸ್.ಆರ್. ಬಡಾವಣೆಯಲ್ಲಿ ನಾಗರಿಕರೇ ಮುಂದೆ ನಿಂತು, ಗೊಬ್ಬರ ಮಾಡುವ ಬಗೆಗಳನ್ನು ತೋರಿಸಿ ಕಲಿಸುವ ಸ್ವಚ್ಛಾಗ್ರಹ ಕಲಿಕಾ ಕೇಂದ್ರವನ್ನು ಏರ್ಪಡಿಸಿದರು. ಸಾವಿರ ಎಕರೆಗೂ ಮೀರಿದ ಜ್ಞಾನಭಾರತಿಯ ವಿದ್ಯಾವನದ ನೆರೆಯಲ್ಲಿರುವ ನಾವು ಮಾತ್ರ ಎಲೆಗೆ ಬೆಂಕಿಯಿಡುತ್ತ ಕುಳಿತಿರುವುದು ಯುಕ್ತವೇ?

ಇನ್ನು ಕ್ರಮವನ್ನು ಹೇಳುತ್ತೇನೆ. ನಾನು ಎರಡು ಬಾರಿ ಸೋತು ಕಲಿತದ್ದು. ಮೊದಲ ವರ್ಷ ಒಣಗಿದೆಲೆಯನ್ನು ಬರಿದೆ ಗುಡ್ಡೆ ಹಾಕಿದೆನು. ಮಳೆಗಾಲದವರೆಗೂ ಎಲೆಯು ಎಲೆಯಾಗಿಯೇ ಉಳಿಯಿತು. ಎರಡನೆಯ ವರ್ಷ ದಾಸೋಹದ ಮನೆಯ ಉಳಿಕೆಯನ್ನು ವಿಪರೀತವಾಗಿ ಸುರಿಸಿದೆನು, ಅದು ನಾರಿತು. ಕಾರಣವೇನೆಂದರೆ, ತರಗೆಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಸಗಣಿಯಲ್ಲಿಯೂ ತರಕಾರಿಯ ಸಿಪ್ಪೆಯಲ್ಲಿಯೂ ಸಾರಜನಕ ಹೆಚ್ಚು. ಮೂರು ಬುಟ್ಟಿ ಒಣ ಎಲೆಗೆ ಒಂದು ಬುಟ್ಟಿ ಹಸಿಯದು ಸೇರಿದರೆ ಹದವಾಗುತ್ತದೆ. ಆಳೆತ್ತರದ ತಂತಿಬಲೆಯ ಗೂಡಿನಲ್ಲಿ ಇದನ್ನು ತುಂಬಿ, ಹಿಂಡಿದ ಬಟ್ಟೆಯಷ್ಟು ತೇವವಿರುವಂತೆ ನೀರು ಚಿಮುಕಿಸಬೇಕು. ಒಳಗೆ ಕಾವೇರಿ 55 ಡಿಗ್ರಿಯನ್ನೂ ದಾಟುವುದುಂಟು. ಹದಿನೈದು ದಿನಕ್ಕೊಮ್ಮೆ ಮಗುಚಬೇಕು. ಊಟದ ಬಾಳೆಯೆಲೆಯನ್ನೂ ದಪ್ಪ ಎಲೆಗಳನ್ನೂ ಕತ್ತರಿಸಿ ಹಾಕಿದರೆ ಬೇಗ ಕೊಳೆಯುತ್ತವೆ. ಪ್ಲಾಸ್ಟಿಕ್ಕಿನ ಒಂದು ಚೂರೂ ಸೇರಕೂಡದು. ಮೂರು ನಾಲ್ಕು ತಿಂಗಳಲ್ಲಿ ಮೊದಲ ಮಳೆಯ ಮಣ್ಣಿನ ಪರಿಮಳವುಳ್ಳ ಕಪ್ಪು ಗೊಬ್ಬರವು ದೊರೆಯುತ್ತದೆ. ಮೂರನೆಯ ವರ್ಷ ನಮಗೆ ದೊರೆಯಿತು.

ಇಲ್ಲಿ ಭಕ್ತರೊಬ್ಬರು ಗಂಭೀರವಾದ ಆಕ್ಷೇಪವನ್ನೆತ್ತಿದರು: "ಲಿಂಗಕ್ಕೇರಿದ ಬಿಲ್ವಪತ್ರೆಯನ್ನು ಸಿಪ್ಪೆಯೊಡನೆ ಕೊಳೆಹಾಕುವುದೇ?" ಅವರ ಭಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಈವರೆಗೆ ಆ ಪತ್ರೆಯನ್ನು ನಾವೇನು ಮಾಡುತ್ತಿದ್ದೆವು? ಚೀಲದಲ್ಲಿ ಕಟ್ಟಿ ವೃಷಭಾವತಿಗೆ ಹಾಕುತ್ತಿದ್ದೆವು. ಕೊಳಚೆಯನ್ನು ಹೊತ್ತು ಹರಿಯುವ ಆ ನದಿಗೆ ನಿರ್ಮಾಲ್ಯವನ್ನೆಸೆದರೆ ಪತ್ರೆಗೆ ಗೌರವವೂ ಇಲ್ಲ, ನದಿಗೆ ಉಪಕಾರವೂ ಇಲ್ಲ. ಆದುದರಿಂದ ನಿರ್ಮಾಲ್ಯಕ್ಕೆ ಬೇರೆಯೇ ಗುಂಡಿಯನ್ನು ತೋಡಿ, ಅದರ ಗೊಬ್ಬರವನ್ನು ಬಿಲ್ವವೃಕ್ಷಕ್ಕೂ ಹೂದೋಟಕ್ಕೂ ಮಾತ್ರ ಸಲ್ಲಿಸುತ್ತಿದ್ದೇವೆ. ಮರದಿಂದ ಲಿಂಗಕ್ಕೆ, ಲಿಂಗದಿಂದ ಮರದ ಬುಡಕ್ಕೆ, ಮರಳಿ ಲಿಂಗಕ್ಕೆ. ಆಕ್ಷೇಪಿಸಿದ ಭಕ್ತರೇ ಈಗ ಆ ಗುಂಡಿಯ ಮೇಲ್ವಿಚಾರಣೆಯನ್ನು ವಹಿಸಿಕೊಂಡಿದ್ದಾರೆ.

ಜಂಬೂರಿನ ಶರಣೆ ಸತ್ಯಕ್ಕನ ಕಾಯಕವು ಅಂಗಳ ಗುಡಿಸುವುದಾಗಿತ್ತು. ಆಯ್ದಕ್ಕಿ ಮಾರಯ್ಯ ದಂಪತಿಗಳು ಚೆಲ್ಲಿದ ಅಕ್ಕಿಯನ್ನಾಯ್ದು ದಾಸೋಹ ನಡೆಸಿದರು. ಅವರನ್ನು ಮಂಟಪದಲ್ಲಿ ಸ್ತುತಿಸಿ, ಬೀದಿಯಲ್ಲಿ ಪೊರಕೆ ಹಿಡಿದವರ ಮುಖಕ್ಕೆ ಹೊಗೆಯನ್ನೂದಿದರೆ ನಮ್ಮ ಸ್ತುತಿಯು ಯಾರಿಗೆ ಸಂದೀತು?

ಆದಕಾರಣ ನನ್ನ ಬಿನ್ನಪವಿಷ್ಟೆ. ನಿಮ್ಮ ನಿಮ್ಮ ಬೀದಿಗಳಲ್ಲಿ ಹತ್ತು ಮನೆಯವರು ಸೇರಿ, ಅಪ್ಪಣೆ ಪಡೆದು, ಉದ್ಯಾನದ ಮೂಲೆಯಲ್ಲಿ ಒಂದು ಗೂಡನ್ನು ನಿಲ್ಲಿಸಿರಿ. ಅದರ ಹೊರೆಯನ್ನು ಪೌರಕಾರ್ಮಿಕರ ತಲೆಗೆ ಕಟ್ಟದೆ, ಮಗುಚುವ ಕೆಲಸವನ್ನು ಸರದಿಯಂತೆ ನೀವೇ ಮಾಡಿರಿ. ಮಠದ ಅಂಗಳದಲ್ಲಿ ಇನ್ನು ಮುಂದೆ ಎಲೆಗೆ ಬೆಂಕಿ ಬೀಳುವುದಿಲ್ಲವೆಂದು ಈ ಸಭೆಯ ಮುಂದೆ ವಚನ ಕೊಡುತ್ತೇನೆ. ಆ ತಾಯಿಯ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರವು ಅದೊಂದೇ.